ಬಾಡಿಗೆಗೊಂದು ಕುಟುಂಬ

ಅಂದಿನ ಅನಾಹುತಕ್ಕೆಲ್ಲ ಮೂಲ, ಮೇಸ್ತ್ರಿಯ ಮನೆಯೊಳಗೆ ಫೋನಿನ ಸಿಗ್ನಲ್ ಸಿಗದೇ ಇದ್ದುದು. ಸಿಗುತ್ತಿದ್ದುದು ಮಹಡಿ ಮೆಟ್ಟಿಲಿನ ತಿರುವಿನಲ್ಲಿ ಮಾತ್ರ, ಅದೂ ಗಂಟಲು ಹರಿದುಕೊಂಡರೆ. ಆ ತಿರುವಿನ ಕೆಳಗಿನ ಮೆಟ್ಟಿಲ ಮೇಲೆ ಬೆಳಗಿನಿಂದ ಸಂಜೆಯವರೆಗೆ ಮೆಟ್ಟಿಲತ್ತೆ ಕೂತಿರುತ್ತಿದ್ದರು. ಅವರು ಯಾರಿಗೂ ಅತ್ತೆಯಲ್ಲ. ಆದರೂ ಇಡೀ ಕಟ್ಟಡಕ್ಕೆ ಅತ್ತೆಯ ಕಾಟ ಕೊಡಲು ಅದೇನೂ ಅಡ್ಡಿ ಬಂದಿರಲಿಲ್ಲ.

ಮೇಸ್ತ್ರಿಗೆ ಕೆಲಸ ಊರಾಚೆಯ ಬ್ಲೂಬೆರಿ ತೋಟದಲ್ಲಿ. ಬ್ಲೂಬೆರಿ ಹೂ ಎಂದರೆ ಬೆಳ್ಳಗೆ ತಲೆಕೆಳಗಾಗಿ ತೂಗುವ ಪುಟ್ಟ ಗಂಟೆ. ಬಾಯಿ ಚಿಕ್ಕದು, ಬಿಗುಮಾನ ದೊಡ್ಡದು. ಗಾಳಿ ಬೀಸಿದರೂ ಅದರ ಪರಾಗ ಜಪ್ಪಯ್ಯ ಅನ್ನುವುದಿಲ್ಲ. ಜೇನುಹುಳ ಬಂದು, ಒಳಗೆ ತಲೆ ಹಾಕಿ, ಮೈಗೆಲ್ಲ ಪುಡಿ ಮೆತ್ತಿಕೊಂಡು, ಹೋಗಿ ಇನ್ನೊಂದು ಹೂವಿಗೆ ತಗುಲಿಸಿದರೇ ಕಾಯಿ ಕಚ್ಚುವುದು. ಮೆಟ್ಟಿಲತ್ತೆ ಮನೆಯಿಂದ ಮನೆಗೆ ಮಾಡುತ್ತಿದ್ದುದೂ ಇದನ್ನೇ, ಫಲ ಮಾತ್ರ ಬೇರೆ ಥರದ್ದು.

ಅದಕ್ಕೇ ಹೂ ಬಿಡುವ ಕಾಲಕ್ಕೆ ತೋಟದವರು ಜೇನುಗಾರನಿಂದ ಪೆಟ್ಟಿಗೆಗಳನ್ನು ಬಾಡಿಗೆಗೆ ತರುತ್ತಿದ್ದರು. ಪೆಟ್ಟಿಗೆಗೆ ಒಬ್ಬಳು ರಾಣಿ, ಅವಳ ಸುತ್ತ ಸಾವಿರಾರು ಹುಳ. ಒಂದು ಪೆಟ್ಟಿಗೆಯ ಈ ಇಡೀ ಬಳಗಕ್ಕೆ ಆ ಕಸುಬಿನವರು ಹೇಳುವುದು 'ಕುಟುಂಬ' ಎಂದು. ಹೆಂಡತಿಯ ಹೆಸರು ಹೇಳಲು ನಾಚುವ ಗಂಡಸರು ಕೂಡ 'ನಮ್ಮ ಕುಟುಂಬ' ಎಂದೇ ಹೇಳುತ್ತಾರೆ ಎಂಬುದು ಪಾಪ, ಹುಳಗಳಿಗೇನು ಗೊತ್ತು.

ಅಂದು ಮೇಸ್ತ್ರಿಗೆ ದೊಡ್ಡ ದಿನ. ತೋಟದೊಳಗೆ ಒಂದು ಚಿಕ್ಕ ಮನೆ ಖಾಲಿ ಬಿದ್ದಿತ್ತು. ಮಧ್ಯಾಹ್ನ ಹಣ್ಣು ಕೊಳ್ಳುವ ಸಾಹೇಬರು ಬರುತ್ತಾರೆ, ಗೇಟಿನ ಪಕ್ಕದ ಸಾಲಿನಲ್ಲಿ ಜೇನು ದುಡಿಯುವುದನ್ನು ಅವರು ಕಣ್ಣಾರೆ ಕಂಡು ಮೆಚ್ಚಿದರೆ ಆ ಮನೆಯ ಬೀಗದ ಕೈ ನಿಮಗೆ ಎಂದು ತೋಟದ ಯಜಮಾನರು ಮಾತು ಕೊಟ್ಟಿದ್ದರು. ಮೆಟ್ಟಿಲೇ ಇಲ್ಲದ ಮನೆ! ಮೇಸ್ತ್ರಿಯೂ ಅವನ ಹೆಂಡತಿಯೂ ಅದಕ್ಕಾಗಿ ಎಷ್ಟು ಆಸೆಪಟ್ಟಿದ್ದರೆಂದರೆ, ಯಾವ ಕಿಟಕಿಗೆ ಯಾವ ಬಣ್ಣದ ಪರದೆ ಎಂಬ ಜಗಳವನ್ನೂ ಆಗಲೇ ಆಡಿ ಮುಗಿಸಿದ್ದರು. ಜಗಳದ ಕೊನೆಗೆ "ನೀನು ಹೇಳಿದ್ದೇ ಆಗಲಿ ರಾಣಿ" ಎಂದು ಅವನೇ ಸೋತಿದ್ದ. ಸೋತಾಗಲೆಲ್ಲ ಅವನು ಅವಳನ್ನು ರಾಣಿ ಎನ್ನುತ್ತಿದ್ದ, ಹಾಗಾಗಿ ಅದೇ ಅವಳ ಹೆಸರಾಗಿ ಹೋಗಿತ್ತು.

ಅವಳು ಅಂದು ಮೊದಲ ಬಸ್ಸಿಗೇ ಹೆರಿಗೆಯಾದ ಅಕ್ಕನ ಮನೆಗೆ ಹೊರಟಳು. ಮೆಟ್ಟಿಲತ್ತೆ ಇನ್ನೂ ಎದ್ದಿರಲಿಲ್ಲ. ತಮಗೆ ಹೇಳದೆ ಕಟ್ಟಡದಿಂದ ಒಂದು ಕೈಚೀಲ ಹೊರಗೆ ಹೋಯಿತೆಂಬುದು ಗೊತ್ತಾದಾಗಿನಿಂದ ಅವರಿಗೆ ಕಾಫಿಯೂ ಇಳಿಯಲಿಲ್ಲ.

ಆ ಹೊತ್ತಿಗೆ ಮೆಟ್ಟಿಲಿಳಿಯುತ್ತಿದ್ದ ಮೇಸ್ತ್ರಿಗೆ ತೋಟದ ಕಾವಲುಗಾರನ ಫೋನ್ ಬಂತು. ಗೇಟಿನ ಪಕ್ಕದ ಪೆಟ್ಟಿಗೆಯ ಜೇನೆಲ್ಲ ಎದ್ದು ಹಾರಿಹೋಗಿದೆ! ಮೇಸ್ತ್ರಿ ಜೇನುಗಾರನಿಗೆ ಫೋನ್ ಹಚ್ಚಿ ತಿರುವಿನಲ್ಲಿ ನಿಂತು ಕೂಗಿದ:

"ಅಣ್ಣಾ, ಕೆಟ್ಟೆ! ನಮ್ಮ ಕುಟುಂಬ ಓಡಿಹೋಯ್ತು!... ಹೂಂ, ಬೆಳಿಗ್ಗೆ ಬೆಳಿಗ್ಗೇನೇ... ರಾಣಿ ಹೊರಟ ಮೇಲೆ ಇನ್ನೇನಿದೆ?... ನಾನೇನೂ ಕಡಿಮೆ ಮಾಡಿರಲಿಲ್ಲ ಅಣ್ಣಾ, ಪಕ್ಕದವರ ಮೇಲೆ ಮೊದಲಿಂದ್ಲೂ ಕಣ್ಣಿತ್ತು... ಹುಡುಕ್ತೀನಿ, ಸಿಗದೇ ಇದ್ರೆ ಇನ್ನೊಂದು ಕುಟುಂಬ ಬಾಡಿಗೆಗೆ ಕೊಡ್ತೀಯಾ? ಮಧ್ಯಾಹ್ನ ಯಜಮಾನ್ರು ನೋಡೋ ಹೊತ್ತಿಗೆ ಒಂದು ಇದ್ರೆ ಸಾಕು. ಆದ್ರೆ ಸ್ವಲ್ಪ ಸಾಧುವಾಗಿರೋದು ಕೊಡಪ್ಪಾ, ಇದು ತುಂಬಾ ಕಚ್ತಿತ್ತು!"

ಪಕ್ಕದವರೆಂದರೆ ತೋಟದ ಪಕ್ಕದ ಸಾಸಿವೆ ಹೊಲದವರು. ಹಳದಿ ಹೂ ಕಂಡರೆ ಜೇನಿಗೆ ಬ್ಲೂಬೆರಿ ರುಚಿಸುವುದಿಲ್ಲ. ಆದರೆ ಮೆಟ್ಟಿಲತ್ತೆಗೆ ತಿಳಿದಂತೆ ಮೇಸ್ತ್ರಿಯ ಪಕ್ಕದವರು ಎಂದರೆ ಸಲಹೆ ರಾಯರು: ನಿವೃತ್ತ ಗುಮಾಸ್ತರು, ಒಂಟಿ ಜೀವ, ಕೇಳದವರಿಗೂ ಸಲಹೆ ಕೊಡುವವರು. ಅತ್ತೆ ಒಂದೇ ಉಸಿರಿಗೆ ಮೇಲೆ ಹತ್ತಿ ಅವರ ಬಾಗಿಲು ಬಡಿದರು. ರಾಯರು ಹಲ್ಲಿನ ಸೆಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಬಂದರು. ಅತ್ತೆ ಅವರನ್ನು ಮೇಲಿನಿಂದ ಕೆಳಗೆ ನೋಡಿ, ಅವರ ಹಿಂದಿನ ಕೋಣೆಯನ್ನೂ ಬಗ್ಗಿ ನೋಡಿ, "ಇಲ್ಲ ಬಿಡಿ, ನೀವಲ್ಲ" ಎಂದರು. ರಾಯರಿಗೆ ಅದು ಯಾಕೋ ಸ್ವಲ್ಪ ಬೇಜಾರಾಯಿತು.

ವಿಷಯ ಕೇಳಿದ ಮೇಲೆ ಬೇಜಾರು ಹೋಗಿ ಹುರುಪು ಬಂತು. "ಹೆಂಡತಿ ಬಾಡಿಗೆಗಾ! ಈ ಸಂಸಾರ ಸರಿಮಾಡದೆ ನಾನು ಊಟ ಮಾಡಲ್ಲ" ಎಂದು ಛತ್ರಿ ತೆಗೆದುಕೊಂಡರು. ತೋಟಕ್ಕೆ ಹೊರಟ ಟ್ಯಾಕ್ಸಿಯಲ್ಲಿ ಕೂತ ಕೂಡಲೇ ಅತ್ತೆ ಮೇಸ್ತ್ರಿಯ ಹೆಂಡತಿಗೆ ಫೋನ್ ಮಾಡಿದರು.

"ಏನೇ, ಓಡಿಹೋಗಿದ್ದೀಯಂತೆ?"

"ಅಕ್ಕನ ಮನೇಲಿ ಮಗು ಎತ್ಕೊಂಡು ಕೂತಿದ್ದೀನಿ ಅತ್ತೆ! ಯಾರು ಹೇಳಿದ್ದು?"

"ನಿನ್ನ ಗಂಡಾನೇ ಊರಿಗೆಲ್ಲಾ ಕೇಳೋ ಹಾಗೆ ಕೂಗಿದ. ನೀನು ಕಚ್ತೀಯಂತೆ. ಸಾಧುವಾಗಿರೋಳನ್ನ ಬಾಡಿಗೆಗೆ ತರ್ತಾನಂತೆ. ಹೊರಡು ಹೊರಡು, ನೇರ ತೋಟಕ್ಕೇ ಬಾ!"

ಇತ್ತ ತೋಟದಲ್ಲಿ ಮೇಸ್ತ್ರಿ ಗಿಡಗಿಡದ ಬುಡ ಹುಡುಕುತ್ತಿದ್ದ. ಬಾಡಿಗೆಗೆ ಕೊಡಲು ಬೇರೆ ಕುಟುಂಬವಿಲ್ಲ, ಎಲ್ಲೋ ಹತ್ತಿರದಲ್ಲೇ ಕೊಂಬೆಗೆ ಜೋತುಬಿದ್ದಿರುತ್ತೆ ನೋಡು ಎಂದು ಜೇನುಗಾರ ಕೈ ತೊಳೆದುಕೊಂಡಿದ್ದ. ಮೇಸ್ತ್ರಿ ತಲೆಯೆತ್ತುವಷ್ಟರಲ್ಲಿ ಎದುರಿಗೆ ಅತ್ತೆ, ರಾಯರು.

"ನೋಡಪ್ಪಾ, ಕುಟುಂಬ ಅಂದ್ಮೇಲೆ ಕಚ್ಚೋದು ಇದ್ದಿದ್ದೇ" ಎಂದು ರಾಯರು ಮರದ ನೆರಳಲ್ಲಿ ನಿಂತು ಶುರುಮಾಡಿದರು. "ಹೊಂದಿಕೊಂಡು ಹೋಗ್ಬೇಕು. ಅದು ಬಿಟ್ಟು ಬಾಡಿಗೆಗೆ ತರ್ತೀನಿ ಅಂದ್ರೆ..."

"ಇಲ್ಲಿ ಒಂದೂ ಸಿಕ್ತಿಲ್ಲ ರಾಯರೇ, ಪೆಟ್ಟಿಗೆಗಟ್ಟಲೆ ಇದ್ದವರೇ ಇಲ್ಲ ಅಂತಿದ್ದಾರೆ!"

"ಪೆಟ್ಟಿಗೆಗಟ್ಟಲೆ!" ಅತ್ತೆ ಎದೆ ಹಿಡಿದುಕೊಂಡರು.

ಕಾವಲುಗಾರ ಬಿದ್ದು ಬಿದ್ದು ನಕ್ಕು, ಕುಟುಂಬವೆಂದರೆ ಜೇನು ಎಂದು ಬಿಡಿಸಿ ಹೇಳಿದ. ಅತ್ತೆಯ ಮುಖ ಸಪ್ಪಗಾಯಿತು. ಇಷ್ಟು ದೂರ ಬಂದದ್ದು ದಂಡ ಎನಿಸಿತೋ ಏನೋ. ರಾಯರು ಮಾತ್ರ ಸೋಲಲಿಲ್ಲ. "ಅದನ್ನೇ ನಾನೂ ಹೇಳಿದ್ದು, ಹುಡುಕೋಕೆ ಒಂದು ಕ್ರಮ ಬೇಕು. ಮೊದಲು ಮೇಲೆ ನೋಡ್ಬೇಕು. ಅಲ್ನೋಡು, ಅದೇನು ಕರೀ ಚೀಲ?" ಎಂದು ಬಿಸಿಲಿಗೆ ಬಿಚ್ಚಿದ್ದ ಛತ್ರಿಯಿಂದಲೇ ಮೇಲಿನ ಕೊಂಬೆ ತಿವಿದರು.

ಚೀಲ ಕಳಚಿ ಬಿತ್ತು. ರಾಯರು ಅಷ್ಟು ಜೋರಾಗಿ ಓಡಬಲ್ಲರೆಂದು ಅವರಿಗೇ ಗೊತ್ತಿರಲಿಲ್ಲ. ಅತ್ತೆ ಅವರಿಗಿಂತ ಮುಂದೆ ಹೋಗಿ ಟ್ಯಾಕ್ಸಿಯೊಳಗೆ ಬಿದ್ದರು. ಆದರೂ ಅತ್ತೆಯ ಮೂಗಿಗೂ ರಾಯರ ಕಿವಿಗೂ ಸಂದಾಯ ಆಗಬೇಕಾದ್ದು ಆಗಿತ್ತು. ಈ ಗಡಿಬಿಡಿಯಲ್ಲಿ ಮೇಸ್ತ್ರಿಯ ಹೆಂಡತಿಗೆ ಇನ್ನೊಂದು ಫೋನ್ ಮಾಡಿ 'ಬರಬೇಡ' ಎನ್ನುವುದು ಅತ್ತೆಗೆ ಮರೆತೇ ಹೋಯಿತು. ಮೇಸ್ತ್ರಿಗೋ, ಹಾಗೊಂದು ಫೋನ್ ಹೋಗಿತ್ತೆಂಬುದೇ ಗೊತ್ತಿರಲಿಲ್ಲ.

ಅವನ ಅದೃಷ್ಟ, ರಾಯರು ಎಸೆದ ಛತ್ರಿ ತಲೆಕೆಳಗಾಗಿ ಬಿದ್ದಿತ್ತು. ರಾಣಿ ಅದರೊಳಗೆ ಬಿದ್ದಳು, ಹಿಂದೆಯೇ ಇಡೀ ಕುಟುಂಬ ಬಂದು ಅದರಲ್ಲಿ ತುಂಬಿಕೊಂಡಿತು. ಮೇಸ್ತ್ರಿ ಮುಖಕ್ಕೆ ಬಲೆಪರದೆ ಹಾಕಿಕೊಂಡು ಅಷ್ಟನ್ನೂ ಪೆಟ್ಟಿಗೆಗೆ ಕೊಡವಿದ. ಯಜಮಾನರು ಸಾಹೇಬರನ್ನು ಕರೆದುಕೊಂಡು ಬರುವಷ್ಟರಲ್ಲಿ ಗೇಟಿನ ಪಕ್ಕದ ಸಾಲೆಲ್ಲ ಗುಂಯ್ ಎನ್ನುತ್ತಿತ್ತು. ಸಾಹೇಬರು ಬಗ್ಗಿ ನೋಡಿ ತಲೆದೂಗಿದರು.

ಅದೇ ಹೊತ್ತಿಗೆ ಗೇಟಿನಲ್ಲಿ ಮೇಸ್ತ್ರಿಯ ಹೆಂಡತಿ ಟ್ಯಾಕ್ಸಿಯಲ್ಲಿ ಬಂದಿಳಿದಳು. "ನಮ್ಮ ಯಜಮಾನ್ರು ಎಲ್ಲಿ?" ಎಂದಳು.

"ಯಜಮಾನ್ರಾ? ಅಗೋ ಅಮ್ಮಾ, ಪೆಟ್ಟಿಗೆ ಹತ್ರ" ಎಂದು ಕಾವಲುಗಾರ ತನ್ನ ಧಣಿಯನ್ನು ತೋರಿಸಿದ. ಅವಳು ಸದ್ದಿಲ್ಲದೆ ಅವರ ಹಿಂದೆ ಹೋಗಿ ನಿಂತಳು.

"ಬೆಳಿಗ್ಗೆ ನಿಮ್ಮ ಕುಟುಂಬ ಓಡಿಹೋಗಿತ್ತಂತೆ?" ಸಾಹೇಬರು ಮೇಸ್ತ್ರಿಯನ್ನು ಕೇಳುತ್ತಿದ್ದರು. "ಯಾಕೆ?"

ಕೆಲಸ ಗೆದ್ದ ಸಂತೋಷದಲ್ಲಿ ಮೇಸ್ತ್ರಿಯ ನಾಲಿಗೆ ಸಡಿಲವಾಗಿತ್ತು. "ರಾಣಿಗೆ ವಯಸ್ಸಾಯ್ತು ಸಾರ್, ಮೊದಲಿನ ಚುರುಕಿಲ್ಲ. ಸದ್ದು ಜಾಸ್ತಿ, ದುಡಿಮೆ ಕಡಿಮೆ. ಈ ಸಲ ಹೇಗೋ ತಳ್ತೀನಿ. ಮುಂದಿನ ಸಲ ಈ ಮುದುಕೀನ ತೆಗೆದುಹಾಕಿ ಹೊಸಬಳನ್ನ ತಂದು ಕೂರಿಸ್ತೀನಿ. ಎಳೇ ವಯಸ್ಸಿನವಳು, ಆಗಲೇ ಹೇಳಿಟ್ಟಿದ್ದೀನಿ."

ಸಾಹೇಬರು ನಕ್ಕರು. ಯಜಮಾನರು ಜೇಬಿನಿಂದ ಬೀಗದ ಕೈ ತೆಗೆದರು. "ಭೇಷ್! ತೊಗೊಳ್ಳಿ. ಒಂಟಿ ಗಂಡಸರಿಗೆ ನಾನು ಮನೆ ಕೊಡಲ್ಲ, ನೀವು ಸಂಸಾರಸ್ಥರು ಅಂತಾನೇ..."

"ಎಳೇ ವಯಸ್ಸಿನವಳಾ?" ಎಂದಿತು ಹಿಂದಿನ ದನಿ.

ಮೇಸ್ತ್ರಿ ತಿರುಗಿದ. ಅವಸರದಲ್ಲಿ ಬಲೆಪರದೆ ಎತ್ತಿದ.

"ಅತ್ತೆ ಹೇಳಿದಾಗ ನಾನು ನಂಬಲಿಲ್ಲ. ಮುದುಕಿ ಹೊರಟಳು. ಪರದೆಗೆ ಹೊಸಬಳು ಹೇಳಿದ ಬಣ್ಣಾನೇ ಹಾಕ್ಸಿ" ಎಂದವಳೇ ಗೇಟಿನತ್ತ ನಡೆದಳು. ಅವಳ ಕಣ್ಣಲ್ಲಿ ನೀರಿತ್ತು.

"ರಾಣೀ! ರಾಣೀ!" ಎಂದು ಕೂಗುತ್ತ ಮೇಸ್ತ್ರಿ ಹಿಂದೆ ಓಡಿದ.

"ಗಾಬರಿ ಆಗ್ಬೇಡಿ ಮೇಸ್ತ್ರಿಗಳೇ, ಪೆಟ್ಟಿಗೇಲೇ ಇದ್ದಾಳೆ!" ಎಂದು ಕಾವಲುಗಾರ ಅವನ ರಟ್ಟೆ ಹಿಡಿದು ನಿಲ್ಲಿಸಿದ. ಬಿಡಿಸಿಕೊಳ್ಳುವಷ್ಟರಲ್ಲಿ ಅವಳ ಟ್ಯಾಕ್ಸಿ ಹೊರಟುಹೋಗಿತ್ತು. ಯಜಮಾನರು ಬೀಗದ ಕೈಯನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡರು. "ಮೊದಲು ಕುಟುಂಬ ಕರ್ಕೊಂಡು ಬನ್ನಿ. ಆಮೇಲೆ ನೋಡೋಣ" ಎಂದರು.

ಸಂಜೆ ಮೇಸ್ತ್ರಿ ರಾಯರ ಛತ್ರಿ ಹಿಡಿದು ಮನೆಗೆ ಬಂದ. ದಾರಿಯುದ್ದಕ್ಕೂ ಹೆಂಡತಿಯ ಫೋನ್ ಆಫ್. ಇನ್ನು ಅವಳು ನಂಬುವುದು ಅತ್ತೆಯ ಮಾತನ್ನು ಮಾತ್ರ. ಅತ್ತೆ ಬದನೆಕಾಯಿಯಂಥ ಮೂಗು ಹೊತ್ತು ಮೆಟ್ಟಿಲ ಮೇಲೆ ಕೂತಿದ್ದರು, ಪಕ್ಕದಲ್ಲಿ ಕಿವಿಗೆ ಬಟ್ಟೆ ಸುತ್ತಿಕೊಂಡ ರಾಯರು. ಜನ್ಮದಲ್ಲಿ ಮೊದಲ ಸಲ ಮೇಸ್ತ್ರಿ ತಾನಾಗಿಯೇ ಅವರ ಮುಂದೆ ನಿಂತ.

"ಅತ್ತೆ, ನೀವೇ ಕಾಪಾಡ್ಬೇಕು. ನನ್ನ ಕುಟುಂಬ ಬಿಟ್ಟುಹೋಯ್ತು!"

"ಮತ್ತೆ ಹೋಯ್ತಾ?" ಅತ್ತೆ ಮೂಗು ಹಿಡಿದುಕೊಂಡು ನಕ್ಕರು. "ಹೋದ್ರೆ ಹೋಗ್ಲಿ ಬಿಡೋ, ಬಾಡಿಗೆಗೆ ಇನ್ನೊಂದು ತಂದ್ರಾಯ್ತು."

"ಅದಲ್ಲ ಅತ್ತೆ, ನನ್ನ ರಾಣಿ ಹೋದ್ಲು!"

"ರಾಣಿ ಹೋದ್ರೆ ಕುಟುಂಬಾನೂ ಹೋದ ಹಾಗೇ. ಬೆಳಿಗ್ಗೆ ಅಷ್ಟೂ ಕಲಿತ್ಕೊಂಡು ಬಂದಿದ್ದೀವಿ" ಎಂದರು ರಾಯರು.

"ಅಯ್ಯೋ, ಹೆಂಡ್ತಿ ಕಣ್ರೀ! ನನ್ನ ಹೆಂಡ್ತಿ!"

"ಅವಳೆಲ್ಲಿ ಹೋಗ್ತಾಳೆ? ಅಕ್ಕನ ಮನೇಲಿ ಮಗು ಆಡಿಸ್ತಿದ್ದಾಳೆ, ನಾನೇ ಮಾತಾಡಿದ್ದೀನಿ" ಎಂದರು ಅತ್ತೆ. "ನೋಡಪ್ಪಾ, ಇವತ್ತಿಗೆ ಬುದ್ಧಿ ಬಂತು. ಇನ್ನು ಮೇಲೆ ನಿನ್ನ ಕುಟುಂಬದ ವಿಷಯಕ್ಕೆ ನಾನು ತಲೆ ಹಾಕಲ್ಲ."

ಮೇಸ್ತ್ರಿ ಛತ್ರಿಯನ್ನು ರಾಯರ ಮುಂದೆ ಹಿಡಿದ. ರಾಯರು ಅದನ್ನು ಪ್ರೀತಿಯಿಂದ ಅವನ ಕಡೆಗೇ ತಳ್ಳಿದರು.

"ಇದನ್ನ ನೀನೇ ಇಟ್ಕೋ. ಬಿಚ್ಚಿ ತಲೆಕೆಳಗೆ ಇಡು, ತಾನಾಗೇ ಬಂದು ಕೂರುತ್ತೆ."