ಹೊಳ್ಳಿ ಹೇಳುವ ಪರೀಕ್ಷೆ

ಕನ್ನಡದಲ್ಲಿ ಅಳುವವರನ್ನು ಸಂತೈಸಲು ನಮ್ಮ ಚರ್ಚಿನ ಮಂಡಳಿಯವರು ಇಂಗ್ಲಿಷಿನಲ್ಲಿ ಪರೀಕ್ಷೆ ಇಟ್ಟಿದ್ದಾರೆ. ಇದು ತಪ್ಪು, ಶುದ್ಧ ಸೋಮಾರಿಗಳ ತಪ್ಪು. ಕ್ರೈಸ್ತ ಆಪ್ತಸಮಾಲೋಚನೆ ಮತ್ತು ಚಾಪ್ಲೆನ್ ಸೇವೆ ಎಂದರೆ ರೋಗಿಯ ಹತ್ತಿರ ಕೂತು ಕೇಳುವುದು, ಬೇಡಿದರೆ ಪ್ರಾರ್ಥಿಸುವುದು. ಆ ಪರೀಕ್ಷೆಯ ಪ್ರಮಾಣಪತ್ರವಿಲ್ಲದೆ ಗದುಗಿನ ಆಸ್ಪತ್ರೆಯವರು ನನ್ನನ್ನು ವಾರ್ಡಿನೊಳಗೆ ಬಿಡುವುದಿಲ್ಲ. ಕಾಲೇಜಿನ ಮುಖ ನೋಡದ ನಾನು ಡಿಕ್ಷನರಿ ಹಿಡಿದು ಓದತೊಡಗಿದೆ. ಅಂದಿನಿಂದ ಫಜೀತಿಗಳು ಬೆನ್ನು ಬಿಟ್ಟಿಲ್ಲ.

ಕೌನ್ಸೆಲಿಂಗ್

ನಾನು ಕೌನ್ಸೆಲಿಂಗ್ ಓದುವ ಸುದ್ದಿ ಬೆಟಗೇರಿಯ ನಮ್ಮ ಓಣಿ ದಾಟಿತು. ಹಿರೇವಡ್ಡಟ್ಟಿಯ ಶಾಲೆಯ ಮಾಸ್ತರರೊಬ್ಬರು ಬಾಡಿದ ಮುಖ ಹೊತ್ತು ಬಂದರು.

"ಮನಸ್ಸಿನ್ಯಾಗ ಏನೈತಿ, ಎಲ್ಲಾ ಹೇಳ್ರಿ ಸರ."

"ಏನ್ ಹೇಳೂದ್ರಿ ಅಕ್ಕಾರ, ಮನ್ಯಾಗಿನವ್ರು ಗದಗಿನ್ಯಾಗ, ನಾ ಅಲ್ಲಿ. ಬಸ್ಸಿನ್ಯಾಗ ಜೀವ ಹೋಗಾಕತ್ತೈತಿ."

ಬಾಯಿ ಮುಚ್ಚಿಕೊಂಡು ಎಲ್ಲ ಕೇಳಿದೆ. ಕೊನೆಗೆ ಅವರು ಕಣ್ಣೊರೆಸಿಕೊಂಡು "ಹಗುರಾತ್ರಿ" ಎಂದರು. ನಾನು ಉಬ್ಬಿಹೋದೆ.

"ಹಂಗಾರ ಈ ಸಲದ ಕೌನ್ಸೆಲಿಂಗ್‌ನ್ಯಾಗ ನನ್ನ ವರ್ಗಾವಣಿ ಗದಗಿಗೇ ಹಾಕ್ತೀರಲ್ಲ?"

ಬಿಲ್ಲೆ

ತರಬೇತಿಯಲ್ಲಿ ವಾರ್ಡಿನ ಬಾಗಿಲ ತನಕ ಮಾತ್ರ ಪ್ರವೇಶ. ಎದೆಯ ಮೇಲೆ 'ಚಾಪ್ಲೆನ್' ಎಂಬ ಬಿಲ್ಲೆ ಸಿಕ್ಕಿಸಿಕೊಂಡು ಅಲ್ಲೇ ಕೂತೆ. ಲಕ್ಷ್ಮೇಶ್ವರದಿಂದ ಬೀಗರನ್ನು ನೋಡಲು ಬಂದ ಚಾಚಾ ಬಿಲ್ಲೆಯನ್ನು ಅರ್ಧ ಓದಿ, ತಮ್ಮ ಚಪ್ಪಲಿ ಬಿಚ್ಚಿ ನನ್ನ ಮುಂದೆ ಜೋಡಿಸಿದರು.

"ಹೊಸಾವು ಅದಾವ ಬೇಟಿ, ಜ್ವಾಕಿ."

"ನಾ ಚಪ್ಪಲಿ ಕಾಯಾಕಿ ಅಲ್ಲ ಚಾಚಾ. ಮಂದಿ ದುಃಖ ಕೇಳಾಕಿ."

"ಹೌದೇನು? ಹಂಗಾರ ಕೇಳವಾ. ಹೋದ ವಾರ ಇಲ್ಲೇ ನನ್ನ ಚಪ್ಪಲಿ ಕಳುವಾದ್ವು. ಅದಽ ನನ್ನ ದುಃಖ!"

ಎರಡೇ ಸಾಲು

ಲಿಖಿತ ಪರೀಕ್ಷೆಯಲ್ಲಿ ನಾನು ಹೇಗೋ ದಡ ಸೇರಿದೆ. ಜೊತೆಗೆ ಓದಿದ ಶಿರಹಟ್ಟಿಯ ಗೆಳತಿ ಫೇಲು. ಸಾವಿನ ಮನೆಗಳಲ್ಲಿ ಎಷ್ಟೋ ಜನರ ಕಣ್ಣೀರು ಒರೆಸಿದವಳು ಅವಳು. ದುಃಖದ ಬಗ್ಗೆ ಬರೆಯಿರಿ ಎಂದು ಪ್ರಶ್ನೆ. 'ಗ್ರೀಫ್' ಎಂದಿದ್ದುದನ್ನು ಅವಳು 'ಬ್ರೀಫ್' ಎಂದು ಓದಿದಳು.

"ಸಣ್ಣದಾಗಿ ಬರೀರಿ ಅಂದಾರಂತ ಎರಡಽ ಸಾಲು ಬರದು ಎದ್ದು ಬಂದ್ನಿ," ಎಂದಳು. "ದುಃಖ ಅಂತ ಕನ್ನಡದಾಗ ಕೇಳಿದ್ರ ಅವ್ರ ಕಡೆ ಕಾಗದ ಸಾಲತಿದ್ದಿಲ್ಲ!"

ಅಜ್ಜಿಯ ತೀರ್ಪು

ಕೊನೆಯದು ಪ್ರಾಯೋಗಿಕ ಪರೀಕ್ಷೆ, ಅದಕ್ಕಷ್ಟೇ ವಾರ್ಡಿನೊಳಗೆ ಬಿಟ್ಟರು. ಉಪದೇಶ ಮಾಡುವಂತಿಲ್ಲ, ರೋಗಿ ಹೇಳಿದ್ದರಲ್ಲಿನ ಭಾವನೆಯನ್ನು ಅವರಿಗೇ ಹೊಳ್ಳಿ, ಅಂದರೆ ತಿರುಗಿ, ಹೇಳಬೇಕು. ಕಾಲು ಮುರಿದುಕೊಂಡ ಹೊಂಬಳದ ಅಜ್ಜಿ ಮಂಚದ ಮೇಲೆ. ಪಕ್ಕದಲ್ಲಿ ಬಿಳಿ ಅಂಗಿಯ ಪರೀಕ್ಷಕರು.

"ಎಮ್ಮಿ ಹಿಂಡಾವ್ರಿಲ್ಲವಾ."

"ಎಮ್ಮಿ ಹಿಂಡಾವ್ರಿಲ್ಲಂತ ನಿಮಗ ಚಿಂತಿ ಹತ್ತೈತಿ."

"ಹೂಂ. ಮೈದುನನ ಹೇಂತಿ, ನನ್ನ ನೆಗೆಣ್ಣಿ ಹೋದ್ರ ಒದೀತೈತಿ."

"ನೆಗೆಣ್ಣಿಗೆ ಒದೀತೈತಂತ ಅಂಜಿಕಿ ಆಗೈತಿ."

"ಅಂಜಿಕಿ ಎಲ್ಲೀದು? ಒದೀಲಿ ಬಿಡು, ಖುಷಿ ಐತಿ!"

"ಒದ್ರ ನಿಮಗ ಖುಷಿ ಐತಿ."

ಅಜ್ಜಿ ನನ್ನನ್ನು ದಿಟ್ಟಿಸಿ, ಪರೀಕ್ಷಕರ ತೋಳು ಜಗ್ಗಿದಳು. "ಡಾಕ್ಟರ್ರ, ನನ್ನ ಕಾಲು ಇರ್ಲಿ, ಮದ್ಲ ಈಕಿ ಕಿವಿ ನೋಡ್ರಿ. ಹೇಳಿದ್ದನ್ನಽ ಹೊಳ್ಳಿ ಹೊಳ್ಳಿ ಕೇಳಾಕತ್ತಾಳ, ಪಾಪ!"

ಪರೀಕ್ಷಕರು ನಗು ತಡೆಯಲಾಗದೆ ಪಾಸು ಎಂದು ಬರೆದರು. ಈಗ ನಾನು ವಾರ್ಡಿನ ಒಳಗೆ, ನನ್ನ ಗೆಳತಿ ಇನ್ನೂ ಹೊರಗೆ. ಅವಳು ಮತ್ತೆ ಪರೀಕ್ಷೆ ಕಟ್ಟಿದ್ದಾಳೆ. ಒಳಗೆ ಬಂದೇ ಬರುತ್ತಾಳೆ. ನಕ್ಕದ್ದು ಸಾಕು. ಈ ಭಾನುವಾರ ನಿಮ್ಮ ಚರ್ಚಿನ ಸಭೆಯಲ್ಲಿ ಎದ್ದು ನಿಂತು ಕೇಳಿ: ಕನ್ನಡದ ಪ್ರಶ್ನೆಪತ್ರಿಕೆ ಎಲ್ಲಿ? ಉತ್ತರ ಬರುವ ತನಕ ಕೂಡಬೇಡಿ.