ಚಕ್ರವರ್ತಿಯ ಕಿಲುಬು

ಬೇರೆಯವರ ಮುಂದೆ ಹೇಳಿಕೊಳ್ಳಲಾಗದ ಚಟ ಎಲ್ಲರಿಗೂ ಒಂದಾದರೂ ಇರುತ್ತದೆ. ಕೆಲವರು ಬಚ್ಚಿಟ್ಟುಕೊಂಡು ಎಲೆ ಅಡಿಕೆ ಹಾಕುತ್ತಾರೆ, ಕೆಲವರು ಬಚ್ಚಿಟ್ಟುಕೊಂಡು ಕವಿತೆ ಬರೆಯುತ್ತಾರೆ. ನನ್ನದು ಇವೆರಡಕ್ಕಿಂತ ವಿವರಿಸಲು ಕಷ್ಟವಾದದ್ದು. ನಾನು ಜರ್ಮನಿ ಮತ್ತು ಆಸ್ಟ್ರಿಯಾದ ಹಳೆಯ ಸೈನಿಕ ಪದಕಗಳನ್ನು ಸಂಗ್ರಹಿಸುತ್ತೇನೆ. ಇದನ್ನು ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಕನಿಕರದಿಂದ ಅಮ್ಮನ ಮುಖ ನೋಡುತ್ತಾರೆ. ಹೆಣ್ಣುಮಕ್ಕಳು ಹೆಚ್ಚೆಂದರೆ ಅಂಚೆಚೀಟಿ ಕೂಡಿಡಬಹುದು. ಸೋತುಹೋದ ಎರಡು ಸಾಮ್ರಾಜ್ಯಗಳ ಶೌರ್ಯವನ್ನು ಮೈಸೂರಿನ ವಿದ್ಯಾರಣ್ಯಪುರದ ಬೀರುವಿನಲ್ಲಿ ಕೂಡಿಡುವುದು ಯಾರಿಗೂ ಸರಿಕಾಣುವುದಿಲ್ಲ. "ಗೆದ್ದೋರದ್ದಾದ್ರೂ ಕೂಡಿಡಬಾರ್ದೇನೇ?" ಎಂದು ಅಮ್ಮ ಒಮ್ಮೆ ಕೇಳಿದ್ದಳು. ಇತಿಹಾಸದಲ್ಲಿ ಎಂ.ಎ. ಮಾಡಿದ ನಾನು ಬೀರುವಿನ ಬಾಗಿಲು ಹಾಕಿದ್ದೆ.

ನಮ್ಮ ಪಂಥಕ್ಕೆ ಮುಖ್ಯವಾದ ನಿಯಮ ಒಂದೇ: ತೊಳೆಯಬಾರದು. ಕಂಚಿನ ಮೇಲೆ ಕೂತ ಕಿಲುಬನ್ನು ನಾವು ಕಿಲುಬು ಎನ್ನುವುದಿಲ್ಲ, ‘ಪಟಿನಾ’ ಎನ್ನುತ್ತೇವೆ. ಹಾಗೆಂದ ಕೂಡಲೇ ಅದಕ್ಕೆ ಗೌರವ ಬರುತ್ತದೆ. ಭೂತಗನ್ನಡಿ ಹಿಡಿದು ಕಿಲುಬಿನ ಬಣ್ಣದ ಮೇಲೆ ಜಗಳವಾಡುವ ವಿದ್ವಾಂಸರು ಯುರೋಪಿನ ತುಂಬ ಇದ್ದಾರೆ. ನಮ್ಮ ಮನೆಯಲ್ಲಾದರೋ ಚೊಂಬಿನ ತಳದಲ್ಲಿ ಒಂದು ಕಪ್ಪು ಗೆರೆ ಕಂಡರೂ ಅಮ್ಮನಿಗೆ ಅದು ವಂಶಕ್ಕೆ ತಗುಲಿದ ಕಳಂಕ. ಇಂಥ ಮನೆಯಲ್ಲಿ ಹುಟ್ಟಿ ಇಂಥ ಪಂಥಕ್ಕೆ ಸೇರಿದೆನಲ್ಲ, ನನ್ನನ್ನು ಮತಾಂತರಗೊಂಡವಳೆಂದೇ ತಿಳಿಯಬೇಕು.

ನನ್ನ ಸಂಗ್ರಹದಲ್ಲಿ ಹೇಳಿಕೊಳ್ಳುವಂಥದ್ದು ಒಂದೇ ಇತ್ತು: ಆಸ್ಟ್ರಿಯಾದ ಚಕ್ರವರ್ತಿಯ ಮುಖವಿರುವ ಕಂಚಿನ ಶೌರ್ಯಪದಕ. ಸಿಕ್ಕಿದ್ದು ನಜರ್‌ಬಾದಿನ ಒಬ್ಬ ಅಜ್ಜಿಯ ಬಳಿ. ಅವರ ತಂದೆ ಮಹಾರಾಜರ ಕುದುರೆಪಡೆಯಲ್ಲಿದ್ದು, ಮೊದಲ ಮಹಾಯುದ್ಧದಲ್ಲಿ ಪ್ಯಾಲೆಸ್ತೀನಿಗೆ ಹೋಗಿಬಂದವರು. ಅಲ್ಲಿ ಎದುರಾಳಿಗಳಲ್ಲಿ ಆಸ್ಟ್ರಿಯಾದ ಫಿರಂಗಿದಳದವರೂ ಇದ್ದರು. ಅಜ್ಜಿ ಆ ಪದಕವನ್ನು ಬೀಗದ ಕೈ ಗೊಂಚಲಿಗೆ ಸಿಕ್ಕಿಸಿಕೊಂಡಿದ್ದರು. "ತಗೊಂಡೋಗವ್ವ, ಬೀಗದ ಕೈ ಮಾತ್ರ ಬುಟ್ಬುಟ್ಟು ಓಗು" ಎಂದು ಧಾರಾಳವಾಗಿ ಕೊಟ್ಟುಬಿಟ್ಟರು. ಚಕ್ರವರ್ತಿಯ ಕಣ್ಣಿನ ಪಕ್ಕದಲ್ಲಿ ಹಸಿರು ಕಲೆಯೊಂದಿತ್ತು. ಅದು ಪ್ಯಾಲೆಸ್ತೀನಿನ ಕಡಲತೀರದ ಉಪ್ಪುಗಾಳಿಯಿಂದ ಆದದ್ದು, ಆದ್ದರಿಂದ ಈ ಪದಕ ರಣರಂಗದಿಂದಲೇ ನೇರವಾಗಿ ಮೈಸೂರಿಗೆ ಬಂದದ್ದು ಎಂದು ನಾನು ದೀರ್ಘವಾದ ಲೇಖನ ಬರೆದೆ. ಅಜ್ಜಿಯ ಉಪ್ಪಿನಕಾಯಿ ಕೈ ತಾಗಿಯೂ ಆಗಿರಬಹುದಲ್ಲ ಎಂಬ ಯೋಚನೆ ಬಾರದೆ ಇರಲಿಲ್ಲ. ಅದನ್ನು ಅಡಿಟಿಪ್ಪಣಿಗೂ ಸೇರಿಸಲಿಲ್ಲ.

ವಿಯೆನ್ನಾದಲ್ಲಿ ಪದಕಪ್ರಿಯರಿಗಾಗಿಯೇ ಒಂದು ಪತ್ರಿಕೆ ಇದೆ. ಸೈಬರ್ ಕೆಫೆಗಳು ಆಗತಾನೇ ಬಂದಿದ್ದ ಕಾಲ. ಪತ್ರಿಕೆಯ ಸಂಪಾದಕರಿಗೆ ಲೇಖನವನ್ನು ಇ-ಮೇಲ್‌ನಲ್ಲಿ ಕಳಿಸಿದೆ. ಅವರು ನಿವೃತ್ತ ಮೇಷ್ಟರು, ಆ ವರ್ಷ ದಸರಾ ನೋಡಲು ಮೈಸೂರಿಗೆ ಬರುವವರಿದ್ದರು. ‘ಕಲೆಯನ್ನು ಕಣ್ಣಾರೆ ನೋಡುತ್ತೇನೆ, ನಿಮ್ಮ ಮಾತು ನಿಜವಾದರೆ ಲೇಖನ ಅಚ್ಚು ಹಾಕುತ್ತೇನೆ’ ಎಂದು ಬರೆದರು. ಅಚ್ಚಿನಲ್ಲಿ ನನ್ನ ಹೆಸರು ಅದುವರೆಗೆ ಬಂದಿದ್ದದ್ದು ಪರೀಕ್ಷೆಯ ಫಲಿತಾಂಶದ ಪಟ್ಟಿಯಲ್ಲಿ ಮಾತ್ರ; ಅಲ್ಲೂ ನಂಬರಿನ ರೂಪದಲ್ಲಿ.

ವಿಜಯದಶಮಿಯ ಜಂಬೂ ಸವಾರಿಗೆ ಪಾಸು ಇದ್ದುದರಿಂದ ಅವರಿಗೆ ಬಿಡುವಿದ್ದದ್ದು ಅದರ ಹಿಂದಿನ ದಿನ, ಆಯುಧಪೂಜೆಯಂದು. ಬೆಳಿಗ್ಗೆ ಪದಕಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟು, ಅವರನ್ನು ಕರೆತರಲು ಹೋಟೆಲಿಗೆ ಹೋದೆ. ಒಡೆದ ಬೂದುಗುಂಬಳಕಾಯಿಗಳ ನಡುವೆ ನಮ್ಮ ಆಟೋ ನಾಟ್ಯವಾಡುತ್ತಾ ಮನೆ ತಲುಪುವಾಗ ಹನ್ನೊಂದಾಗಿತ್ತು. ಒಳಗೆ ಕಾಲಿಟ್ಟರೆ ಮೇಜು ಖಾಲಿ. ನಡುಮನೆಯಲ್ಲಿ ಮಣೆಯ ಮೇಲೆ ಅಪ್ಪನ ಅಂಗಡಿಯ ತಕ್ಕಡಿ, ಪಕ್ಕದಲ್ಲಿ ಕತ್ತರಿ, ಈಳಿಗೆಮಣೆ. ಅವುಗಳ ಮುಂದೆ ಸಾಲಾಗಿ ಪದಕಗಳು, ಹೊಸ ಮದುವಣಗಿತ್ತಿಯ ಒಡವೆಯ ಹಾಗೆ ಹೊಳೆಯುತ್ತಿದ್ದವು. ಚಕ್ರವರ್ತಿಯ ಬೋಳುತಲೆಯ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಗಲ್ಲಮೀಸೆಯ ಆ ಮುದುಕರು ಯಾವುದೋ ಮಠದ ಹಿರಿಯ ಭಕ್ತರಂತೆ ಕಾಣುತ್ತಿದ್ದರು.

"ಬಂದ್ಯಾ? ನೋಡೇ, ಎಂಗೆ ಪಳಪಳ ಅಂತಿದೆ!" ಅಮ್ಮ ಹಿಗ್ಗಿನಿಂದ ಹೇಳಿದಳು. "ನಿಮ್ಮಪ್ಪನ ತಕ್ಕಡಿಗೆ ಪೂಜೆ ಮಾಡಿ ನಿನ್ನ ಆಯುಧಾನ ಬಿಡಕ್ಕಾಗತ್ತಾ? ಈ ಯಜಮಾನ್ರ ಕಣ್ಣಿನ ಹತ್ರ ಹಸುರಿಗೆ ಏನೋ ಮೆತ್ಕೊಂಡಿತ್ತು ಕಣೆ, ಜಪ್ಪಯ್ಯ ಅಂದ್ರೂ ಬಿಡ್ಲಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿಬುಟ್ಟೆ."

"ಅಮ್ಮಾ, ಅದೇ ಸಾಕ್ಷಿ."

"ಯಾತಕ್ಕೆ ಸಾಕ್ಷಿ?"

"ಇದು ಪ್ಯಾಲೆಸ್ತೀನಿಂದ ಬಂತು ಅನ್ನೋದಕ್ಕೆ."

"ಅಷ್ಟು ದೂರದಿಂದ ಬಂದ್ಮೇಲೆ ಸ್ನಾನ ಮಾಡ್ಬೇಡ್ವೇನೇ?"

ಮೇಷ್ಟರು ಭೂತಗನ್ನಡಿ ತೆಗೆದರು. ಕಣ್ಣಿನ ಪಕ್ಕ ನೋಡಿದರು, ಅಂಚು ನೋಡಿದರು. ನನ್ನ ಲೇಖನ ಹುಣಸೆಹಣ್ಣಿನ ನೀರಿನ ಜೊತೆ ಬಚ್ಚಲು ಸೇರಿತ್ತು. ಇನ್ನು ಮುಚ್ಚುಮರೆ ಏಕೆಂದು, ನಡೆದದ್ದನ್ನು ಇಂಗ್ಲಿಷಿನಲ್ಲಿ ಹೇಳಿ ಕ್ಷಮೆ ಕೇಳಿದೆ. ಅಷ್ಟರಲ್ಲಿ ಅಮ್ಮ ಅವರ ಹಣೆಗೂ ವಿಭೂತಿ ಬಳಿದು, ಕೈಗೆ ಕಡಲೆಪುರಿ ಹಾಕಿ, "ತಿನ್ನಿ ಸ್ವಾಮಿ, ಸಂಕೋಚ ಬೇಡಿ" ಎಂದಳು. ಅವರು ತಿಂದರು. ಆಮೇಲೆ ಚಕ್ರವರ್ತಿಯ ಹಣೆ ಒರೆಸಲು ಹೋದ ನನ್ನ ಕೈಯನ್ನು ಗಾಬರಿಯಿಂದ ತಡೆದು ಹೇಳಿದರು: "ಮುಟ್ಟಬೇಡಿ! ಕಲೆ ಇರುವ ಚಕ್ರವರ್ತಿಗಳು ನನ್ನ ಬಳಿ ಪೆಟ್ಟಿಗೆ ತುಂಬ ಇದ್ದಾರೆ. ಪೂಜೆ ಮಾಡಿಸಿಕೊಂಡವರನ್ನು ಇದೇ ಮೊದಲು ನೋಡುತ್ತಿರುವುದು."

ಪತ್ರಿಕೆ ಬಂತು. ಪುಟದ ತುಂಬ ಮೇಷ್ಟರು ಅಂದು ತೆಗೆದ ಬಣ್ಣದ ಚಿತ್ರ: ಅಮ್ಮನ ಕೈಯ ತಟ್ಟೆಯಲ್ಲಿ ವಿಭೂತಿಧಾರಿ ಚಕ್ರವರ್ತಿ. ಅಡಿಯಲ್ಲಿ ಅಮ್ಮನ ಹೆಸರು, ಊರು, ಒಂದಕ್ಷರವೂ ತಪ್ಪಿಲ್ಲದೆ. ಕೊನೆಯಲ್ಲಿ ‘ಜೊತೆಗೆ ಮಗಳು’ ಎಂದಿತ್ತು. ಚಿತ್ರದ ಅಂಚಿನಲ್ಲಿ ನನ್ನ ಮೊಣಕೈ ಇರುವುದು ನಿಜ. ಲೇಖನ ಇರಲಿಲ್ಲ.

ಅದಾದ ಮೇಲೆ ಓದುಗರ ಇ-ಮೇಲುಗಳು ಬರತೊಡಗಿದವು. ಅರ್ಧದಷ್ಟು ಮಂದಿ ಬೈದಿದ್ದರು. ಉಳಿದವರು, ಮನೆಯಲ್ಲಿ ಯಾರಿಗೂ ಗೊತ್ತಾಗದ ಹಾಗೆ ಬರೆದಂತಿತ್ತು, ಆ ಹೊಳಪು ಬರಿಸುವುದು ಹೇಗೆಂದು ಕೇಳಿದ್ದರು. ಆಸ್ಟ್ರಿಯಾದ ಪಡೆಗಳ ಕಡತಗಳನ್ನು ಮೂಲದಲ್ಲೇ ಓದಬೇಕೆಂದು ಸಂಜೆ ತರಗತಿಗೆ ಹೋಗಿ ಜರ್ಮನ್ ಕಲಿತಿದ್ದೆ. ಆ ಜರ್ಮನ್ ಮೊದಲು ಉಪಯೋಗಕ್ಕೆ ಬಂದದ್ದು, "ನಿಂಬೆಹಣ್ಣಿನ ಗಾತ್ರ ಹಳೇ ಹುಣಸೆಹಣ್ಣು ಅಂತ ಬರಿ. ಹೊಸದು ಅಡಿಗೆಗೆ ಅಂತಾನೂ ಬರಿ, ಪಾಪ, ಅವ್ರಿಗೆ ತಿಳಿಯಲ್ಲ" ಎಂಬ ಅಮ್ಮನ ಮಾತನ್ನು ಅನುವಾದಿಸಲು. ಎಲ್ಲವನ್ನೂ ಚಾಚೂ ತಪ್ಪದೆ ಬರೆದೆ. ಕೆಳಗೆ ಹೆಸರು ಹಾಕುವಾಗ ಆಚೀಚೆ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡಿಕೊಂಡು, ಪಕ್ಕದಲ್ಲಿ ‘ಸಂಶೋಧಕಿ’ ಎಂದು ಸೇರಿಸಿದೆ.