ಸುಳಿ ನೋಡಿ ಕುದರಿ ಆರಿಸಿದ್ದು

ಬ್ಯಾರೇದವರಿಗೆ ವರ್ಷಕ್ಕೊಂದು ಫಜೀತಿ ಆದ್ರ ನನಗ ವಾರಕ್ಕೊಂದು ಆಗ್ತಾವ. ನಕ್ಕು ಬಿಡ್ರಿ, ನನಗೇನು ಸಿಟ್ಟಿಲ್ಲ. ಇದ್ರೂ ಏನ್ ಮಾಡ್ಲಿ?

ಸವಣೂರು, ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರು ಕಡೆ ದನದ ಸಂತ್ಯಾಗ ಮೂವತ್ತು ವರ್ಷ ದಲಾಲಿ ಮಾಡೇನಿ. ಎತ್ತಿನ ಮೈಮ್ಯಾಲಿನ ಕೂದಲ ಸುಳಿ ನೋಡಿ ಇದು ಮನಿಗೆ ಆಗಿ ಬರತೈತಿ, ಇದು ಬರೂದಿಲ್ಲ ಅಂತ ಹೇಳೂದು ನನ್ನ ಕೆಲಸ. ನಾ ಒಲ್ಲೆ ಅಂದ ಎತ್ತಿನ ಹಗ್ಗ ಯಾರೂ ಮುಟ್ಟತಿರಲಿಲ್ಲ. ಟ್ರ್ಯಾಕ್ಟರ್ ಬಂದು ಎತ್ತು ಕಡಿಮಿ ಆದ್ವು, ಉಳದದ್ದು ಈ ಕಣ್ಣಿನ ಮ್ಯಾಲೆ ಮಂದಿ ಇಟ್ಟ ನಂಬಿಗಿ ಒಂದ. ಅದೂ ಹೋತಂದ್ರ ನನ್ನ ಚಹಾಕ್ಕೂ ಯಾರೂ ಕರೆಯೂದಿಲ್ಲ.

೧. ಸಾಧು ಪ್ರಾಣಿ

ತಿಳವಳ್ಳಿಯ ನನ್ನ ಗೆಳೆಯಾ ರಿಟೈರ್ ಆದ ಬಸ್ ಕಂಡಕ್ಟರ್. ಅಂವಗ ಫೋನಿನ್ಯಾಗ ಕುದರಿ ರೇಸಿನ ಚಟ. ಹುಬ್ಬಳ್ಳಿಯ ಏಜೆಂಟಗ ಫೋನ್ ಮಾಡಿ ರೊಕ್ಕ ಹಚ್ತಾನ. ಒಂದಿನ ರೇಸಿಗೆ ಮೊದಲ ಕುದರಿ ಅಡ್ಡಾಡಿಸೂದನ್ನ ತೋರಿಸಿ, "ಎತ್ತಿಗೆ ಸುಳಿ ಇದ್ರ ಕುದರಿಗೂ ಇರತೈತಿ. ಯಾವುದು ಗೆಲ್ತೈತಿ ಹೇಳು" ಅಂದ.

ಉಳದಾವೆಲ್ಲಾ ನೊರಿ ಕಾರಿಕೋತ, ಹಿಡದಾವನ್ನ ಜಗ್ಗಿಕೋತ ಕುಣ್ಯಾಕತ್ತಿದ್ವು. ಒಂದು ಮಾತ್ರ ದಪ್ಪ ಕುತ್ತಿಗಿ, ಅಗಲ ಎದಿ, ಹಣಿಮ್ಯಾಲೆ ಒಂದ ಸುಳಿ, ತಲಿ ತಗ್ಗಿಸಿ ಸುಮ್ಮನ ನಿಂತಿತ್ತು.

"ಇದ! ಎಷ್ಟು ಸಾಧು ಐತಿ ನೋಡು, ಹೆಣ್ಮಕ್ಕಳೂ ಕೈ ಹಚ್ಚಬಹುದು" ಅಂದೆ.

ಇಬ್ಬರೂ ಎರಡೆರಡು ಸಾವಿರ ಹಚ್ಚಿದ್ವಿ. ಉಳದ ಕುದರಿ ಎಲ್ಲಾ ಮುಟ್ಟಿ, ಅವುಗಳ ಜೀನು ಬಿಚ್ಚಾಕತ್ತಿದ್ರೂ ನಮ್ಮದು ಇನ್ನೂ ಬರಾಕತ್ತಿತ್ತು.

"ಇದು ಓಡಾಕ ಬಂದೈತೋ, ಮೇಯಾಕ ಬಂದೈತೋ?" ಅಂತ ಕಂಡಕ್ಟರ್ ಒದರಿದ.

"ಸುಮ್ಮನಿರೋ, ಎರಡು ಎಕರೆ ಹೊಡದ ಮ್ಯಾಲೆ ಇದರ ದಮ್ಮು ಗೊತ್ತಾಕ್ಕೈತಿ" ಅಂದೆ.

೨. ಎಮ್ಮಿ ದವಾಖಾನಿ

"ನಮ್ಮ ಎದುರಿಗೆ ಆಡಾವ್ರು ಸಣ್ಣ ಮಂದಿ ಅಲ್ಲೋ" ಅಂತ ಕಂಡಕ್ಟರ್ ತಿಳಿಸಿ ಹೇಳಿದ. "ಅವರಿಗೆ ಇದ ದಂಧೆ. ರೂಮಿನ ತುಂಬ ಕಂಪ್ಯೂಟರ್, ಪಗಾರದ ಮಂದಿ, ಒಂದೊಂದು ಕುದರಿದೂ ಹುಟ್ಟಿದಾಗಿಂದ ಲೆಕ್ಕ. ಕಡೀ ನಿಮಿಷಕ್ಕ ಲಕ್ಷಗಟ್ಟಲೆ ಸುರೀತಾರ."

ನನಗ ರೇಗಿ ಹೋತು. "ಅವರ ಕಂಪ್ಯೂಟರ್ ಒಮ್ಮೆರ ದನದ ಹಲ್ಲು ಹಿಡದು ನೋಡೈತೇನು?" ಅಂದೆ. ಅದ ಹಟಕ್ಕ ಎಮ್ಮಿ ಮಾರಿದೆ. ಕರು ಇದ್ದಾಗಿಂದ ನನ್ನ ಹೇಣ್ತಿ ಸಾಕಿದ ಎಮ್ಮಿ. ಶಿಗ್ಗಾಂವಿ ಡಾಕ್ಟರಿಗೆ ತೋರಿಸ್ತೇನಿ ಅಂತ ಸುಳ್ಳು ಹೇಳಿ ಹೊಡಕೊಂಡು ಹೋಗಿದ್ದೆ.

ಬರೇ ಹಗ್ಗ ಹಿಡಕೊಂಡು ಬಂದಾಗ, "ಡಾಕ್ಟರು ಏನಂದ್ರು?" ಅಂತ ಕೇಳಿದ್ಲು.

ಬಾಯಿಗೆ ಬಂದದ್ದು ಹೇಳಿದೆ: "ಅಡ್ಮಿಟ್ ಮಾಡಿಕೊಂಡಾರ."

ಮರುದಿನ ಮುಂಜಾನೆ ಆಕಿ ಎಮ್ಮಿಗಂತ ಹಿಂಡಿ ಬುತ್ತಿ ಕಟ್ಟಿಕೊಂಡು ಶಿಗ್ಗಾಂವಿ ಬಸ್ ಹತ್ತಿದ್ಲು.

೩. ಹಿರೇಕೆರೂರು ಸಂತಿ

ದನದ ದವಾಖಾನ್ಯಾಗ ಆಕಿಗೆ ಏನಂದ್ರೋ ಗೊತ್ತಿಲ್ಲ. ತಿರುಗಿ ಬಂದಾಕಿ ನನ್ನ ಜೋಡಿ ಮಾತ ಬಿಟ್ಲು. ರೊಟ್ಟಿ ಇಡತಿದ್ಲು, ಮಾತಿಲ್ಲ. ಖಾಲಿ ಗೂಟ ಕಣ್ಣಿಗೆ ಬೀಳಬಾರದಂತ ನಾ ಹಿತ್ತಲ ಕಡೆ ಹೋಗೂದ ಬಿಟ್ಟೆ. ಆದ್ರೂ ರೇಸ್ ಬಿಡಲಿಲ್ಲ. ಮೂರು ತಿಂಗಳದಾಗ ಆ ಎಮ್ಮಿ ರೊಕ್ಕ ಪೂರ್ತಿ ಸಾಧು ಕುದರಿಗೋಳ ಬೆನ್ನು ಹತ್ತಿ ಹೋತು.

ನಾ ಆರಿಸಿದ ಕುದರಿ ಎಲ್ಲಾ ಸೋತ ಸುದ್ದಿ ಸಂತಿಗೂ ಮುಟ್ಟಿತು. ಹಿರೇಕೆರೂರಿನ್ಯಾಗ ಒಬ್ಬ ರೈತ ಒಂದು ಎತ್ತು ತೋರಿಸಿ, "ಹೆಂಗೈತ್ರಿ?" ಅಂದ.

"ಬ್ಯಾಡಪಾ, ಸುಳಿ ಕೆಟ್ಟೈತಿ" ಅಂದೆ.

ಅಂವ ಅಲ್ಲೇ ರೊಕ್ಕ ಎಣಿಸಿ ಕೊಟ್ಟು ಹಗ್ಗ ಹಿಡಕೊಂಡ.

"ಬ್ಯಾಡ ಅಂದ್ನೆಲ್ಲೋ!"

"ಅದಕ್ಕ ತೊಗೊಂಡ್ನಿರಿ. ಇಷ್ಟೊತ್ತು ನನಗೂ ಸ್ವಲ್ಪ ಅನುಮಾನ ಇತ್ತು."

ಆ ಎತ್ತು ಈಗೂ ಬಂಗಾರದಂಗ ಉಳತೈತಂತ.

೪. ಕಾರಿನ್ಯಾಗ ಬಂದಾವ

ಹ್ವಾದ ವಾರ ಮನಿ ಮುಂದ ಕಾರು ನಿಂತಿತು. ಹುಬ್ಬಳ್ಳಿಯಿಂದ ಬಂದಾವ, ಅದ ಕಂಪ್ಯೂಟರ್ ಇಟ್ಟ ದೊಡ್ಡ ಆಟಗಾರನ ಕಡ್ಯಾವ. ಜಗಳಕ್ಕ ಬಂದಾನೋ ಏನೋ ಅಂತ ನಾ ಕಂಬದ ಹಿಂದ ಸರದೆ.

ಅಂವ ಕೈ ಮುಗದ. "ಏಜೆಂಟ್ ನಿಮ್ಮ ಬಗ್ಗೆ ಹೇಳಿದ್ರಿ. ನೀವು ಮೂರು ತಿಂಗಳ ಆರಿಸಿದ ಕುದರಿ ಎಲ್ಲಾ ನೋಡೇವಿ. ನಿಮ್ಮ ಕಣ್ಣಿಗೆ ನಮ್ಮ ಸಾಹೇಬ್ರು ಬೆರಗಾಗ್ಯಾರ."

ನನ್ನ ಕಣ್ಣಾಗ ನೀರ ಬಂತ್ರಿ, ಖರೇನ. "ಕೇಳಿದೇನು?" ಅಂತ ಒಳಗ ಹೇಣ್ತೀನ ಕೂಗಿದೆ. ಆಕಿ ಬಾಗಲದಾಗ ಬಂದು ನಿಂತ್ಲು.

"ನಮ್ಮ ಕಂಪ್ಯೂಟರ್ ಸುದ್ದಾ ತಪ್ಪತಾವ್ರಿ. ನೀವು ಒಮ್ಮೀನೂ ತಪ್ಪಿಲ್ಲ" ಅಂದ ಅಂವ.

"ಏನು ತಪ್ಪಿಲ್ಲ?"

"ಯಾವ ಕುದರಿ ಗೆಲ್ಲೂದಿಲ್ಲ ಅನ್ನೂದು. ನೀವು ಹೆಸರು ಹೇಳ್ರಿ ಸಾಕು, ಅದನ್ನ ಪಟ್ಟಿಯಿಂದ ಹೊಡದು ಹಾಕಿ ಉಳದಾವುಕ್ಕ ನಾವು ಹಚ್ತೇವಿ. ತಿಂಗಳಾ ಪಗಾರ ಕೊಡತೇವಿ. ಒಂದ ಕರಾರು: ಕುದರಿ ಬಗ್ಗೆ ನೀವು ಇನ್ನ ಮುಂದ ಏನೂ ಕಲೀಬಾರದು."

ಮೂರು ತಿಂಗಳ ಮಾತು ಬಿಟ್ಟಿದ್ದ ನನ್ನ ಹೇಣ್ತಿ ಆಗ ಬಾಯಿ ಬಿಟ್ಲು. ನನ್ನ ಕೂಡ ಅಲ್ಲ, ಅಂವನ ಕೂಡ:

"ಆ ಚಿಂತಿ ಬಿಡ್ರಿ ಅಣ್ಣಾರ. ಮೂವತ್ತು ವರ್ಷ ಸಂತಿ ತಿರಗಿ ಎತ್ತಿನ ಬಗ್ಗೇನ ಇವರು ಏನೂ ಕಲತಿಲ್ಲ."